ಇಸಿದೋರ್ ಮಾಡುವುದು

ಪಕ್ಕದ ಮನೆಯ ಬಾಗಿ ಅಕ್ಕ ಕಂಪೌಂಡಿನ ಆಚೆಯಿಂದ ಅದನ್ನು ಒಳ್ಳೆಯ ಸುದ್ದಿ ಎಂದೇ ಹೇಳಿದ್ದು. "ಪೊರ್ಬುಗಳೇ, ನಿಮ್ಮ ಹೆಸರು ಡಿಕ್ಷನರಿಗೆ ಹೋಗ್ತದಂತೆ. ನಾನೇ ಕೊಟ್ಟದ್ದು."

ಓಣಿಯವರು ಮರ್ಯಾದೆಯಿಂದ ಪೊರ್ಬುಗಳೆಂದು ಕರೆಯುವ ಇಸಿದೋರರಿಗೆ ಕುಡಿಯುತ್ತಿದ್ದ ಬೆಳಗಿನ ಚಹಾ ನೆತ್ತಿಗೇರಿತು. ಹನ್ನೆರಡು ವರ್ಷದ ಹಿಂದೆ ಅವರು ಕಂಪೌಂಡು ಗೋಡೆಗೆ ತಾವೇ ನೀಲಿ ಬಣ್ಣ ಬಳಿಯುತ್ತೇನೆಂದು ಊರಿಗೆಲ್ಲ ಸಾರಿ, ಗೇಟಿನವರೆಗೆ ಬಳಿದು, ಸೊಂಟ ಹಿಡಿದುಕೊಂಡು ಕೂತುಬಿಟ್ಟಿದ್ದರು. ಗೋಡೆ ಇಂದಿಗೂ ಅರ್ಧ ನೀಲಿ. ಅಂದಿನಿಂದ ಜೆಪ್ಪುವಿನ ಆ ಓಣಿಯಲ್ಲಿ ಯಾರು ಏನನ್ನು ಅರ್ಧಕ್ಕೆ ಬಿಟ್ಟರೂ ಅದು 'ಇಸಿದೋರ್ ಮಾಡಿದ್ದು'. ಓಣಿಯ ಮಟ್ಟಿಗಾದರೆ ಹೇಗೋ ಸಹಿಸಿಕೊಂಡಿದ್ದರು. ಆದರೆ ಮಂಗಳೂರಿನ ಆಡುಮಾತಿನ ನಿಘಂಟು ಮಾಡುತ್ತಿರುವ ಆಶಾಲತಾ ಎಂಬವರು ಬಂದು ಬರೆದುಕೊಂಡು ಹೋಗಿದ್ದಾರೆ, ಪುಸ್ತಕ ಇವತ್ತು ಸಂಜೆಯೇ ಅಚ್ಚಿಗೆ! ನಾಳೆ ಮಗಳು ಲವಿನಾಳ ಮಕ್ಕಳು ಶಾಲೆಯಲ್ಲಿ ಅಜ್ಜನ ಹೆಸರಿನ ಅರ್ಥ ಓದಿದರೆ? ಇಸಿದೋರರಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಬಾಗಿ ಅಕ್ಕನಿಂದ ನಂಬರು ಪಡೆದು ಕೂಡಲೇ ಆಶಾಲತಾರಿಗೆ ಫೋನ್ ಹಚ್ಚಿದರು. "ನನ್ನ ಹೆಸರಿಗೆ ಅರ್ಥ ಕೊಡ್ಲಿಕ್ಕೆ ನೀವು ಯಾರು?"

"ನಾವು ಕೊಡುವುದಲ್ಲ ಸರ್, ಜನ ಕೊಡುವುದು. ಅವರು ಹೇಳಿದ್ದನ್ನು ನಾವು ಬರೆದಿಡ್ತೇವೆ, ಅಷ್ಟೆ," ಎಂದರು ಆಶಾಲತಾ. ಆಕ್ಷೇಪ ಉಂಟಾದರೆ ನಾಲ್ಕು ಗಂಟೆಯೊಳಗೆ ಫಳ್ನೀರಿನ ಕಚೇರಿಗೆ ಬರಹದಲ್ಲಿ ತಲುಪಿಸಬೇಕಂತೆ.

ಬರಹ! ಮೂವತ್ತು ವರ್ಷ ಪಣಂಬೂರು ಬಂದರಿನಲ್ಲಿ ಗುಮಾಸ್ತರಾಗಿದ್ದವರಿಗೆ ಬರಹವನ್ನು ಯಾರೂ ಕಲಿಸಬೇಕಾಗಿಲ್ಲ. ಹೇಳಿದ ಬಾಯಿಗಳಿಂದಲೇ ತಪ್ಪೊಪ್ಪಿಗೆ ಬರೆಸುತ್ತೇನೆ, ತಾರೀಕು ಸಹಿ ಸಮೇತ, ಎಂದು ಹೊರಟರು.

ಬಾಗಿ ಅಕ್ಕ ಮುಖ ಊದಿಸಿಕೊಂಡೇ ಬರೆದರು: ಮೊನ್ನೆ ಪಾತ್ರೆ ತೊಳೆಯುವುದನ್ನು ಇಸಿದೋರ್ ಮಾಡಿ ಧಾರಾವಾಹಿಗೆ ಕೂತೆ ಎಂದು ಹೇಳಿದ್ದು ತಮಾಷೆಗೆ. ಎದುರುಮನೆಯ ಮೋಹನದಾಸರು ಕನ್ನಡಕ ಹುಡುಕಲು ಅರ್ಧ ಗಂಟೆ ತೆಗೆದುಕೊಂಡು, ತಮ್ಮ ಬಾವಿಯ ಕೆಲಸ ಇಸಿದೋರ್ ಆಯಿತೆಂದು ಐದು ವರ್ಷದಿಂದ ಹೇಳುತ್ತಿರುವುದಕ್ಕೆ ಎರಡು ಪುಟ ಕ್ಷಮೆ ಕೇಳಿದರು. ಚರ್ಚಿನ ಕೊಯರ್‌ನಲ್ಲಿ ಹಾಡುವ ಗ್ಲ್ಯಾಡಿಸ್ ಬಾಯಿ, ಅಲ್ಲಿಯೂ ಎಲ್ಲರೂ ಹಾಗೆಯೇ ಹೇಳುವುದೆಂದು ತಮ್ಮ ಕ್ಷಮೆಯ ಕೆಳಗೆ ಪ್ರಾಮಾಣಿಕವಾಗಿ ಸೇರಿಸಿದರು. ರಿಕ್ಷಾದ ಹಾಶಿಂ ಎರಡು ಸಾಲು ಬರೆದು ತಲೆ ಎತ್ತಿದ. "ಪೂರ್ತಿ ಬರೀಬೇಕಾ, ಇಸಿದೋರ್ ಮಾಡಿದ್ರೆ ಸಾಕಾ?" ಈಗ ಆಡಿದ ಮಾತಿಗೂ ಸೇರಿಸಿ ಕ್ಷಮೆ ಬರಿ ಎಂದು ಇಸಿದೋರರು ಗದರಿದರು.

ಮೇಲಿಂದ ತಮ್ಮದೇ ಒಂದು ದೂರು. ಅದನ್ನು ಮೂರು ಸಲ ತಿದ್ದಿ ಬರೆದರು: 'ಭಾರೀ ಹುರುಪಿನಿಂದ ಕೆಲಸ ಶುರುಮಾಡಿ, ನಡುವೆ ಕೈಬಿಟ್ಟು, ಮತ್ತೆ ಅದರ ಸುದ್ದಿಯನ್ನೇ ಎತ್ತದಿರುವುದು ಎಂಬರ್ಥದಲ್ಲಿ ನನ್ನ ಹೆಸರನ್ನು ಬಳಸಲಾಗುತ್ತಿದೆ.'

ನಾಲ್ಕಕ್ಕೆ ಐದು ನಿಮಿಷ ಇರುವಾಗ ಹಾಶಿಂನ ರಿಕ್ಷಾ ಅವರನ್ನು ಫಳ್ನೀರಿನಲ್ಲಿ ಇಳಿಸಿತು. ಆಶಾಲತಾ ಒಂದೊಂದೇ ಹಾಳೆ ಓದಿದರು. ಓದುತ್ತ ಓದುತ್ತ ಅವರ ಮುಖ ಅರಳಿತು. ಗೆದ್ದೆ ಎಂದುಕೊಂಡರು ಇಸಿದೋರರು.

"ಸರ್, ನಿಮ್ಮ ಫೋನ್ ಬಂದ ಮೇಲೆ ಮಧ್ಯಾಹ್ನವೇ ಈ ಮಾತನ್ನು ನಾವು ಪಟ್ಟಿಯಿಂದ ತೆಗೆದಾಗಿತ್ತು. ಒಬ್ಬರೇ ಬಾಯಲ್ಲಿ ಹೇಳಿದ್ದು, ಬರಹದಲ್ಲಿ ಎಲ್ಲಿಯೂ ಇರಲಿಲ್ಲ. ಈಗ ನೋಡಿ, ನಾಲ್ಕು ಜನ, ತಾರೀಕು, ಸಹಿ! ಇಷ್ಟು ಗಟ್ಟಿ ಪುರಾವೆ ನಮ್ಮ ಬೇರೆ ಯಾವ ಮಾತಿಗೂ ಇಲ್ಲ ಮಾರಾಯ್ರೆ."

ಇಸಿದೋರರು ಹಾಳೆಗಳಿಗೆ ಕೈಹಾಕುವಷ್ಟರಲ್ಲಿ ಅವುಗಳ ಮೇಲೆ ಸ್ವೀಕೃತಿಯ ಮೊಹರು ಬಿದ್ದಿತ್ತು.

"ಅರ್ಥವನ್ನಾದರೂ ಸ್ವಲ್ಪ ಮೆತ್ತಗೆ ಬರೀರಿ," ಎಂದು ಅಂಗಲಾಚಿದರು.

"ಅರ್ಥ ನಾವು ಬರೆಯುವುದೇ ಇಲ್ಲ ಸರ್," ಎನ್ನುತ್ತ ಆಶಾಲತಾ ಇಸಿದೋರರ ದೂರನ್ನು ಎಲ್ಲಕ್ಕಿಂತ ಮೇಲಿಟ್ಟರು. "ನೀವು ಬರ್ದದ್ದನ್ನೇ ಹಾಗೆಯೇ ಹಾಕ್ತೇವೆ."