ಹಿತ್ತಾಳೆ ಬಂದೂಕಿಗೆ ಹುಣಸೆಹಣ್ಣು

ಧೈರ್ಯವನ್ನು ಎಲ್ಲರೂ ಹೊಗಳುತ್ತಾರೆ. ಆದರೆ ಹೆದರಿಕೆಗೆ ಇರುವ ನಿಷ್ಠೆ ಧೈರ್ಯಕ್ಕಿಲ್ಲ ಎಂಬುದು ನನ್ನ ಅನುಭವ. ಧೈರ್ಯವಂತರು ಪ್ರಸಂಗ ಬಂದಾಗ ಮಾತ್ರ ಧೈರ್ಯವಂತರು. ಉಳಿದ ಹೊತ್ತು ಎಲ್ಲರಂತೆ ಉಂಡು ಮಲಗುತ್ತಾರೆ. ಹೆದರುವವನಿಗೆ ವಾರದ ರಜೆಯೂ ಇಲ್ಲ. ನಾನು ಹುಟ್ಟಾ ಪುಕ್ಕಲ. ರಾಣೆಬೆನ್ನೂರಿನಲ್ಲಿ ನಮ್ಮ ಓಣಿಯ ಹುಡುಗರು ದೀಪಾವಳಿಯಲ್ಲಿ ಪಟಾಕಿಯನ್ನು ಕೈಯಲ್ಲೇ ಹೊತ್ತಿಸಿ ಎಸೆಯುತ್ತಿದ್ದರೆ, ನಾನು ಕಸಬರಿಗೆಯ ತುದಿಗೆ ಊದಿನಕಡ್ಡಿ ಕಟ್ಟಿ, ಮುಖ ಆ ಕಡೆ ತಿರುಗಿಸಿ ಹಚ್ಚಿ, ಓಡಿಹೋಗಿ ನೀರಿನ ಹಂಡೆಯ ಹಿಂದೆ ಕಿವಿ ಮುಚ್ಚಿ ಕೂರುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ಅವ್ವ ಬಂದು, "ಅದು ಹತ್ತೇ ಇಲ್ಲೋ ತಮ್ಮಾ, ಹೊರಗ ಬಾ" ಎನ್ನುತ್ತಿದ್ದಳು. ಅಮೆರಿಕಕ್ಕೆ ಬಂದ ಮೇಲೆ ಹೆದರಲು ಹೊಸ ಹೊಸ ಅವಕಾಶಗಳು ಸಿಕ್ಕವು. ವೀಸಾ ವಕೀಲರ ಲಕೋಟೆ ಬಂದರೆ ಹೆದರಿಕೆ, ಬಾರದಿದ್ದರೆ ಇನ್ನೂ ಹೆದರಿಕೆ. ಹಿಂದೆ ಪೊಲೀಸ್ ಕಾರು ಕಂಡರೆ, ನಿಲ್ಲಿಸಿಟ್ಟ ಕಾರಿನಲ್ಲಿ ಕೂತಿದ್ದರೂ ನನ್ನ ಕಾಲು ಬ್ರೇಕಿನ ಮೇಲೆ ಹೋಗುತ್ತದೆ. ಡೌನ್‌ಟೌನ್ ಬೆಲ್ವ್ಯೂದಲ್ಲಿ ನನ್ನ ಕೆಲಸವೂ ಸಾಫ್ಟ್‌ವೇರ್ ಟೆಸ್ಟಿಂಗ್, ಅಂದರೆ ಏನೇನು ಕೆಡಬಹುದು ಎಂದು ಉಳಿದವರಿಗಿಂತ ಮೊದಲೇ ಹೆದರುವುದು. ಅದಕ್ಕೆ ಸಂಬಳ ಬೇರೆ ಕೊಡುತ್ತಾರೆ. ಇಂಥವನ ಮನೆಗೆ ಹೆಂಡತಿ ಬಂದೂಕು ತಂದಳು. ಹೆದರಿದವರ ಮೇಲೆ ಹಾವು ಎಸೆದ ಹಾಗೆ ಎಂಬ ಮಾತು ಕಟ್ಟಿದವರಿಗೆ ನನ್ನ ಹೆಂಡತಿಯ ಪರಿಚಯ ಇದ್ದಿರಬೇಕು.

ಹೆಂಡತಿಯ ಹೆಸರು ಮಾಲಿನಿ, ಮೈಸೂರಿನವಳು. ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಲೋಹ ಪರೀಕ್ಷಿಸುವ ಇಂಜಿನಿಯರ್. ಮುರಿದ ಬೋಲ್ಟೊಂದನ್ನು ಕೈಗೆ ಕೊಟ್ಟರೆ ಅದು ಯಾಕೆ ಮುರಿಯಿತು, ಎಲ್ಲಿಂದ ಬಿರುಕು ಶುರುವಾಯಿತು, ತಪ್ಪು ಯಾರದು ಎಂದು ಹೇಳಿಬಿಡುತ್ತಾಳೆ. ಇಂಥವಳ ಜೊತೆ ಸಂಸಾರ ಮಾಡುವವನು ಲೋಟ ಒಡೆದರೂ ಜಾಗ್ರತೆಯಾಗಿ ಒಡೆಯಬೇಕು. ಅವಳ ಹಿರಿಯ ಸಹೋದ್ಯೋಗಿ ವಾಲ್ಟರ್ ಎಂಬವನು ಒಮ್ಮೆ ತನ್ನ ಮುತ್ತಜ್ಜನ ಲಿವರ್ ರೈಫಲ್ ತೋರಿಸಿದನಂತೆ. ಟ್ರಿಗರಿನ ಸುತ್ತ ಕಬ್ಬಿಣದ ಬಳೆಯಂಥ ಒಂದು ಹಿಡಿ ಇರುತ್ತದೆ. ಅದನ್ನು ಕೆಳಗೆ ತಳ್ಳಿ ಮೇಲೆ ಎಳೆದರೆ ಮುಂದಿನ ಗುಂಡು ತಾನಾಗಿ ಬಂದು ಕೂರುತ್ತದೆ. ಆ ಹಳೆಯ ಉಕ್ಕಿನ ಮೇಲಿದ್ದ ನೀಲಿ, ಕಂದು ಛಾಯೆಗಳಲ್ಲಿ ಇವಳ ಕಣ್ಣು ನೆಟ್ಟಿತು. ಅಲ್ಲಿಂದ ಶನಿವಾರಗಳು ಹಳೆ ಬಂದೂಕಿನ ಸಂತೆಗಳಿಗೆ ಮೀಸಲಾದವು. ಅವಳು ಭೂತಗನ್ನಡಿ ಹಿಡಿದು ಬಂದೂಕು ನೋಡುವುದು, ಅವಳ ಅಜ್ಜಿ ಸೀರೆ ಅಂಗಡಿಯಲ್ಲಿ ಜರಿಯನ್ನು ಉಗುರಿನಿಂದ ಕೆರೆದು ನೋಡುತ್ತಿದ್ದ ರೀತಿಯೇ ಅಂತೆ. ತಿರುಪಿನ ತಲೆ ಕಿತ್ತುಹೋಗಿದ್ದರೆ ಯಾರೋ ಬಿಚ್ಚಿ ಜೋಡಿಸಿದ್ದಾರೆ. ಹಿಂಬದಿಯ ಮರ ಪಕ್ಕದ ಲೋಹಕ್ಕಿಂತ ತಗ್ಗಿದ್ದರೆ ಯಾರೋ ಉಜ್ಜಿ ಹೊಸದು ಮಾಡಿದ್ದಾರೆ. ಅಂಗಡಿಯವರು ಇವಳನ್ನು ಕಂಡರೆ ಬೆವರುತ್ತಿದ್ದರು. ನಾನು ಬಂದೂಕುಗಳನ್ನು ಕಂಡು ಬೆವರುತ್ತಿದ್ದೆ.

ನನ್ನ ಹೆದರಿಕೆಗೆ ಕಾರಣವಿರಲಿಲ್ಲ ಎನ್ನಬೇಡಿ. ನಾವು ವೀಸಾದ ಮೇಲಿದ್ದವರು, ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆ ನಿಂತವರು. ನಮ್ಮಂಥವರು ಮನೆಯಲ್ಲಿ ಬಂದೂಕು ಇಟ್ಟುಕೊಂಡು ಸಿಕ್ಕಿಬಿದ್ದರೆ ಸಾಲಿನಿಂದಷ್ಟೇ ಅಲ್ಲ, ದೇಶದಿಂದಲೇ ಹೊರಗೆ. ಆದರೆ ಈ ದೇಶದ ಕಾನೂನಿನಲ್ಲಿ ಒಂದು ವಿಚಿತ್ರವಿದೆ: ೧೮೯೮ರವರೆಗೆ ತಯಾರಾದ ಬಂದೂಕು ಬಂದೂಕೇ ಅಲ್ಲ, ಪುರಾತನ ವಸ್ತು.

"ಇದು ಬಂದೂಕಲ್ಲ ಕಣ್ರೀ, ಹಳೇ ಗೋಡೆ ಗಡಿಯಾರ ಇದ್ದ ಹಾಗೆ" ಎಂದಳು ಮಾಲಿನಿ, ಮೊದಲನೆಯದನ್ನು ಮನೆಗೆ ತಂದ ದಿನ.

"ಗಡಿಯಾರದಿಂದ ಯಾರೂ ಸತ್ತಿಲ್ಲ" ಎಂದೆ.

"ಗುಂಡೇ ಇಲ್ವಲ್ರೀ ಮನೇಲಿ!"

ಗುಂಡಿಲ್ಲದ ಬಂದೂಕು ಹಲ್ಲು ಕಿತ್ತ ಹಾವು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಹಲ್ಲು ಕಿತ್ತ ಹಾವನ್ನೂ ಯಾರೂ ಬೀರುವಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಉಕ್ಕಿನ ಕಪಾಟು ತರಿಸಿ ಬೀಗ ಹಾಕಿಸಿದೆ. ಕಪಾಟಿನ ಮುಂದೆ ಹಾದು ಹೋಗುವಾಗ ನನಗೇ ತಿಳಿಯದೆ ಗೋಡೆಗೆ ಒತ್ತಿಕೊಂಡು ಹೋಗುತ್ತಿದ್ದೆ. ಮೂರನೇ ಕ್ಲಾಸಿನ ಮಗಳು ನಿಧಿ ಶಾಲೆಯಲ್ಲಿ ಬಾಯಿ ಬಿಟ್ಟರೆ ಏನು ಗತಿ ಎಂದು ಅವಳಿಗೆ ದಿನವೂ ಪಾಠ. "ಅಪ್ಪಾ, ರಿಲ್ಯಾಕ್ಸ್. ಇಟ್ಸ್ ಜಸ್ಟ್ ಓಲ್ಡ್ ಸ್ಟಫ್" ಎಂದು ಅವಳು ನನ್ನ ಬೆನ್ನು ತಟ್ಟುತ್ತಿದ್ದಳು.

ಮೊದಲೆರಡು ಬಂದೂಕು ಕಬ್ಬಿಣದವು, ಹಳೆತನದಲ್ಲಿ ಯಾವ ಅನುಮಾನವೂ ಇಲ್ಲದವು. ಗ್ರಹಚಾರ ಬಂದದ್ದು ಮೂರನೆಯದರಿಂದ. ಮರ್ಸರ್ ಐಲ್ಯಾಂಡಿನಲ್ಲಿ ಯಾರೋ ಮುದುಕರು ತೀರಿಕೊಂಡು ಅವರ ಮನೆ ಸಾಮಾನು ಮಾರುತ್ತಿದ್ದಲ್ಲಿ, ಕಾರ್ ಶೆಡ್ಡಿನ ಮೂಲೆಯಲ್ಲಿ ಸಿಕ್ಕಿದ್ದು. ಒಡಲು ಹಿತ್ತಾಳೆಯ ಹಾಗಿದ್ದು, ಮೇಲೆಲ್ಲ ಕಪ್ಪು ಹಸಿರು ಕಿಲುಬು. ಇಂಥವನ್ನು ನೂರೈವತ್ತು ವರ್ಷದ ಹಿಂದೆ ಮಾಡುತ್ತಿದ್ದರು. ತೊಂದರೆಯೇನೆಂದರೆ, ಈಚಿನ ದಶಕಗಳಲ್ಲಿ ಅದೇ ಅಚ್ಚಿನ ನಕಲುಗಳೂ ಬಂದಿವೆ. ಕೆಲವು ಖದೀಮರು ನಕಲಿನ ಮೇಲಿನ ಮುದ್ರೆ ಉಜ್ಜಿ ತೆಗೆದು, ಏನೋ ರಾಸಾಯನಿಕ ಬಳಿದು ಕಿಲುಬು ಹಿಡಿಸಿ, ಅಜ್ಜನ ಕಾಲದ್ದೆಂದು ದಾಟಿಸುತ್ತಾರೆ. ನಮ್ಮದರ ನಳಿಗೆಯ ಮೇಲಿನ ಅಕ್ಷರ ಸವೆದಿತ್ತು. ಒಳಗೆ ಗುಂಡಿಗೆ ಬಡಿಯುವ ಸೂಜಿಯನ್ನು ಯಾರೋ ಬದಲಾಯಿಸಿದ್ದರು. ಆಮೇಲಿನ ಕಾಲದ ಗುಂಡು ಹೊಂದಲೆಂದು ಅಸಲಿಗೂ ಹಾಗೆ ಮಾಡುತ್ತಿದ್ದರಂತೆ, ನಕಲಿ ಮಾಡುವವರಿಗೂ ಅದು ಅನುಕೂಲವಂತೆ. ಇಲ್ಲಿ ನನ್ನ ಪ್ರಾಣಸಂಕಟ ನೋಡಿ. ಇದು ಅಸಲಿಯಾದರೆ ಪುರಾತನ ವಸ್ತು, ಬಂದೂಕಲ್ಲ. ನಕಲಿಯಾದರೆ ಮೊನ್ನೆ ಮೊನ್ನೆ ತಯಾರಾದದ್ದು, ಅಂದರೆ ನಿಜವಾದ ಬಂದೂಕು! ಜಗತ್ತಿನಲ್ಲಿ ಬೇರೆಲ್ಲ ಕಡೆ ನಕಲಿ ಸಾಮಾನು ಕೆಲಸಕ್ಕೆ ಬಾರದು. ನಮ್ಮ ಮನೆಯಲ್ಲಿ ಮಾತ್ರ ನಕಲಿಯಾದರೇ ಅದು ಅಪ್ಪಟ ಬಂದೂಕು, ಇಟ್ಟುಕೊಂಡದ್ದೇ ಅಪರಾಧ. ದೇವರ ಮುಂದೆ ಕೈ ಮುಗಿದು, "ಅಸಲಿ ಮಾಡಪ್ಪಾ" ಎಂದು ಬೇಡಿಕೊಳ್ಳುತ್ತಿದ್ದೆ.

"ಅಸಲಿದು ಕಂಚಿನ ಜಾತಿ, ತಾಮ್ರ ಜಾಸ್ತಿ, ತವರ ಸೇರಿರುತ್ತೆ. ಒಳಗೆ ಕೆಂಪಗಿರುತ್ತೆ. ನಕಲು ಮಾಡೋರು ಹಳದಿ ಹಿತ್ತಾಳೆ ಹಾಕ್ತಾರೆ" ಎಂದು ಮಾಲಿನಿ ವಿವರಿಸಿದಳು.

"ಹಾಗಾದ್ರೆ ಒಂದು ಮೂಲೇಲಿ ಉಜ್ಜಿ ನೋಡು, ಮುಗೀತಲ್ಲ."

ಅವಳು ನನ್ನನ್ನು ನೋಡಿದ ರೀತಿಗೆ ಬಂದೂಕೇ ವಾಸಿ ಎನಿಸಿತು. "ಆ ಕಿಲುಬೇ ಅದರ ಮಾನ ರೀ. ನೂರು ವರ್ಷ ಕೂತು ಬಂದಿದ್ದು. ಅಸಲಿ ಆಗಿದ್ದು ನಾನೇ ಕೆರೆದುಬಿಟ್ರೆ? ಬೇರೆ ದಾರಿ ಹುಡುಕ್ತೀನಿ. ಯಾರೂ ಅದನ್ನ ಮುಟ್ಟಬಾರದು." ಮುಟ್ಟಬಾರದು ಎಂದು ನನಗೆ ಹೇಳುವ ಅಗತ್ಯವೇ ಇರಲಿಲ್ಲ.

ಇದೇ ಸಮಯಕ್ಕೆ ರಾಣೆಬೆನ್ನೂರಿನಿಂದ ಅವ್ವ ಬಂದಳು. ಖಂಡೇನವಮಿ, ಅಂದರೆ ನಿಮ್ಮ ಮೈಸೂರು ಕಡೆಯ ಆಯುಧಪೂಜೆ, ವಾರದ ನಡುವೆ ಬಂದಿತ್ತು. ನಾವಿರುವ ಮಿಲ್ ಕ್ರೀಕಿನಲ್ಲಿ ಪರಿಚಯದವರೆಲ್ಲ ಅಂದು ಕಾರಿಗೆ ಕುಂಕುಮ ಹಚ್ಚಿ ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ, ಲ್ಯಾಪ್‌ಟಾಪಿಗೆ ಹೂವೇರಿಸುತ್ತಾರೆ. ನಾನೂ ಹಾಗೇ ಮಾಡುವವನಿದ್ದೆ. ಅವ್ವನಿಗೆ ಸರಿ ಬೀಳಲಿಲ್ಲ. "ಮಂದಿ ಆಯುಧ ಇಲ್ಲಂತ ಕಾರಿಗೆ ಪೂಜಿ ಮಾಡ್ತಾರೋ. ನಮ್ಮ ಮನ್ಯಾಗ ಖರೇ ಆಯುಧ ಐತಿ. ಅದನ್ನ ಬಿಟ್ಟು ಕಂಪ್ಯೂಟರಿಗೆ ಹೂವಾ ಏರಸ್ತಿಯೇನು?" ಎಂದಳು. ಮಾಲಿನಿಗೆ ಖುಷಿಯೋ ಖುಷಿ. ಸಂಜೆ ಕೆಲಸದಿಂದ ಬಂದು ತಾನೇ ತೆಗೆದಿಡುತ್ತೇನೆ, ದೂರದಿಂದ ಆರತಿ ಬೆಳಗೋಣ ಅತ್ತೆ ಎಂದು ಹೇಳಿ ಹೋದಳು. ನಾನು ಮನೆಯಿಂದಲೇ ಕೆಲಸ ಮಾಡಲು ಮಹಡಿಯ ಕೋಣೆ ಸೇರಿಕೊಂಡೆ. ಕಪಾಟಿನ ಕೀಲಿಯೂ ಪೂಜೆ ಸಾಮಾನಿನ ಬೀರುವಿನ ಕೀಲಿಯೂ ಒಂದೇ ಗೊಂಚಲಿನಲ್ಲಿವೆ ಎಂಬುದು, ಅವ್ವ ಬಂದು ಗೊಂಚಲು ಕೇಳಿದಾಗ, ಇಷ್ಟೆಲ್ಲ ಮುಂಚಿತವಾಗಿ ಹೆದರುವ ನನ್ನ ತಲೆಗೆ ಹೊಳೆಯಲಿಲ್ಲ. ಮೀಟಿಂಗಿನಲ್ಲಿದ್ದೆ, ಕೊಟ್ಟುಬಿಟ್ಟೆ.

ಕಾಫಿಗೆಂದು ಇಳಿದು ಬಂದೆ. ಅಡುಗೆಮನೆಯ ನೆಲದ ಮೇಲೆ ಮಣೆ ಹಾಕಿ ಅವ್ವ ಕೂತಿದ್ದಳು. ಪಕ್ಕದಲ್ಲಿ ಉಪ್ಪು, ನೆನೆಸಿದ ಹುಣಸೆಹಣ್ಣು. ತೊಡೆಯ ಮೇಲೆ ಹಿತ್ತಾಳೆ ಬಂದೂಕು. ಅದರ ಬಾಯಿ ನೆಟ್ಟಗೆ ನನ್ನ ಹೊಟ್ಟೆಗೆ. ನಾನು ಫ್ರಿಜ್ಜಿನ ಹಿಂದೆ ಹೇಗೆ ಹೋದೆನೋ ಗೊತ್ತಿಲ್ಲ.

"ಅವ್ವಾ, ಅದನ್ನ ಆ ಕಡೆ ತಿರುವು!"

"ಯಾಕ ಹಂಗ ಅಡಗೀದಿ? ಬಾ ಇಲ್ಲೆ. ಏನ್ ಅವತಾರ ಆಗಿತ್ತು ನೋಡು ಇದು. ಎಷ್ಟು ವರ್ಷ ಆಗಿತ್ತೋ ತಿಕ್ಕಿ! ಹಬ್ಬದ ದಿನಾ ದೇವರ ಮುಂದ ಕಿಲುಬು ಹಿಡದದ್ದು ಇಡ್ತಾರೇನು?"

"ತಿರುವವ್ವಾ ಮೊದಲ!"

ತಿರುಗಿಸಿದಳು. ಈಗ ನಳಿಗೆ ಕಿಟಕಿಗೆ ಗುರಿಯಿಟ್ಟಿತು. ಕಿಟಕಿಯಾಚೆ ಪಕ್ಕದ ಮನೆಯವಳು ನಾಯಿ ಹಿಡಿದು ಬರುತ್ತಿದ್ದಳು. ಇಳಕಲ್ ಸೀರೆಯ ಮುದುಕಿಯೊಬ್ಬಳು ಕಿಟಕಿಯಿಂದ ನಾಯಿಗೆ ಗುರಿ ಹಿಡಿದಿದ್ದಾಳೆಂದು ಪೊಲೀಸರಿಗೆ ಫೋನು ಹೋಗುವುದು, ಅವರು ಬರುವುದು, ನಮ್ಮ ಅರ್ಜಿ ಕಸದ ಬುಟ್ಟಿಗೆ ಬೀಳುವುದು, ಎಲ್ಲವೂ ಕಣ್ಣಮುಂದೆ ಬಂತು. ಅಂಬೆಗಾಲಿಕ್ಕಿ ಹೋಗಿ ಕಿಟಕಿಯ ಪರದೆ ಎಳೆದೆ. ಮಗನ ಅಂಬೆಗಾಲನ್ನು ಇಷ್ಟು ವರ್ಷದ ಮೇಲೆ ಮತ್ತೆ ಕಂಡ ಅವ್ವ ತಿಕ್ಕುವುದನ್ನು ಮುಂದುವರಿಸಿದಳು. "ಈ ಅಂಗಡಿ ಹುಣಸಿಹಣ್ಣಿನಾಗ ಹುಳೀನ ಇಲ್ಲ. ಎಷ್ಟು ತಿಕ್ಕಿದ್ರೂ ನಮ್ಮ ಕೊಡದಂಗ ಹಳದಿ ಆಗವಲ್ದು" ಎಂದು ಗೊಣಗಿದಳು. ಅದರ ಅರ್ಥ ಆಗ ನನ್ನ ತಲೆಗೆ ಹೋಗಲಿಲ್ಲ. ಕಿಲುಬು ಒಂದು ಚೂರೂ ಉಳಿದಿರಲಿಲ್ಲ. ಕಬ್ಬಿಣಕ್ಕೆ ಕೊಬ್ಬರಿ ಎಣ್ಣೆ ಸವರಿ, ಮರದ ಮೇಲೆ ಮೂರು ಬೆರಳಿನ ವಿಭೂತಿಯನ್ನೂ ಎಳೆದಿದ್ದಳು.

ಆ ಮಧ್ಯಾಹ್ನ ನಾನು ಪಟ್ಟ ಭಯ ಬೇರೆ ಬಗೆಯದು. ಮಾಲಿನಿ ಕೂಗಾಡುವವಳಲ್ಲ. ಆದರೆ ತಿಂಗಳುಗಟ್ಟಲೆ ಮಗುವಿನಂತೆ ಕಾಪಾಡಿದ್ದನ್ನು ಅತ್ತೆ ಪಾತ್ರೆಯ ಹಾಗೆ ತೊಳೆದಿಟ್ಟಿದ್ದಾಳೆಂದರೆ ಯಾವ ಸೊಸೆ ತಾಳುತ್ತಾಳೆ? ಒಂದು ಮಾತು ಹೆಚ್ಚುಕಡಿಮೆಯಾದರೆ ಸಾಕು. ಅವ್ವ ಬಾಯಿಬಿಟ್ಟು ಏನೂ ಹೇಳದೆ, ಉಳಿದ ದಿನವೆಲ್ಲ ಕೋಣೆಯಲ್ಲಿ ಕೂತು, ಊರಿಗೆ ಹೋಗಿ ಮತ್ತೆಂದೂ ಬಾರದಿರುವವಳು. ಅವಳೋ ಹೊಳೆಯುವ ಬಂದೂಕನ್ನು ಮಣೆಯ ಮೇಲಿಟ್ಟು, ಸೊಸೆ ಬಂದು ಮೆಚ್ಚುವುದನ್ನೇ ಕಾಯುತ್ತ, ಹೊಸ ಸೀರೆ ಉಟ್ಟು ಕೂತಿದ್ದಳು. ಅದನ್ನು ನೋಡಿ ಇಬ್ಬರ ನಡುವೆ ಅಡಕತ್ತರಿಯ ಅಡಿಕೆಯಾದ ನಾನು ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಧೈರ್ಯದ ತೀರ್ಮಾನ ಮಾಡಿದೆ. ಉಜ್ಜಿದ್ದು ನಾನೇ ಎಂದು ಹೇಳುವುದು. ಸ್ನಾನದ ಮನೆಯ ಕನ್ನಡಿಯ ಮುಂದೆ ಅಭ್ಯಾಸವನ್ನೂ ಮಾಡಿಕೊಂಡೆ. ಕೈಗಿಷ್ಟು ಹುಣಸೆಹಣ್ಣನ್ನೂ ಮೆತ್ತಿಕೊಂಡೆ, ಸಾಕ್ಷಿಗಿರಲಿ ಎಂದು.

ಮಾಲಿನಿ ಬಂದಳು. ಅವ್ವ ಒಳಗೆ ಆರತಿ ತಟ್ಟೆ ಸಿದ್ಧ ಮಾಡುತ್ತಿದ್ದಳು. ಮಾಲಿನಿ ಬಂದೂಕು ನೋಡಿದಳು. ಕೈಯಲ್ಲಿದ್ದ ಚೀಲ ಕೆಳಗಿಟ್ಟು, ನಿಧಾನವಾಗಿ ಮಣೆಯ ಮುಂದೆ ಕೂತಳು.

"ನಾನೇ ಉಜ್ಜಿದೆ" ಎಂದೆ. ದನಿ ಚೆನ್ನಾಗಿಯೇ ಬಂತು. "ಹಬ್ಬ ಅಲ್ವಾ, ಹೊಳೀಲಿ ಅಂತ."

ಅವಳು ಟಾರ್ಚು, ಭೂತಗನ್ನಡಿ ತಂದಳು. ಬಂದೂಕನ್ನು ಎತ್ತಿ ಅತ್ತ ತಿರುಗಿಸಿ ಇತ್ತ ತಿರುಗಿಸಿ ನೋಡಿದಳು. ಕಣ್ಣಲ್ಲಿ ನೀರು ಬಂದಿತ್ತು. ಅದು ಯಾತರ ನೀರೋ ತಿಳಿಯಲಿಲ್ಲ.

"ಕೆಂಪಗಿದೆ ರೀ" ಎಂದಳು ಕೊನೆಗೆ. "ಹಿತ್ತಾಳೆ ಅಲ್ಲ. ಅಸಲಿ."

ನಾನು ನೆಲದ ಮೇಲೆ ಕೂತುಬಿಟ್ಟೆ. ಅಸಲಿ! ಬಂದೂಕಲ್ಲ! ಈ ದೇಶದಲ್ಲಿ ಇನ್ನೂ ಇರಬಹುದು! ಅವಳಿಗೆ ಅಷ್ಟು ಸುಲಭದ ಸಂತೋಷವಿರಲಿಲ್ಲ. ಅಸಲಿ ಎಂದು ಗೊತ್ತಾದ ಗಳಿಗೆಗೇ ಅದರ ಮಾನ ಹೋಗಿದ್ದೂ ಗೊತ್ತಾಗಿತ್ತು. ತೊಳೆದಿಟ್ಟ ಬಂದೂಕನ್ನು ಸಂಗ್ರಹಕಾರರು ಕಣ್ಣೆತ್ತಿಯೂ ನೋಡುವುದಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಟಾರ್ಚು ಹೊತ್ತಿಸಿ ಏನನ್ನೋ ನೋಡಿ, ನನ್ನ ಕಡೆ ತಿರುಗಿದಳು.

"ಆದ್ರೆ ಇದನ್ನ ಉಜ್ಜಿದ್ದು ನೀವಲ್ಲ."

"ನಾನೇ! ಕೈ ನೋಡು ಬೇಕಾದ್ರೆ."

"ಕೈ ನೋಡೋದು ಬೇಡ ರೀ. ಇಲ್ಲಿ ನೋಡಿ, ಟ್ರಿಗರ್ ಸುತ್ತ ಬೆರಳು ಹಾಕಿ ಉಜ್ಜಿರೋ ಗುರುತಿದೆ. ನಳಿಗೆ ತುದಿ ಹತ್ರ ಇರೋ ಲೋಹದ ಟೊಪ್ಪೀನೂ ಫಳಫಳ ಅಂತಿದೆ. ಇದರ ಬಾಯಿ ಮುಂದೆ ನೀವು ಯಾವತ್ತಾದ್ರೂ ಕೂತಿದೀರಾ? ನೀವೇ ಉಜ್ಜಿದ್ರೆ ಹಿಂದಿನ ಮರದ ಹಿಡಿ ಒಂದೇ, ಅದೂ ಕಸಬರಿಗೆ ತುದೀಲಿ."

ಅಷ್ಟರಲ್ಲಿ ಅವ್ವ ತಟ್ಟೆ ಹಿಡಿದು ಬಂದು, ಸೊಸೆಯ ಮುಖವನ್ನೇ ನೋಡುತ್ತ ನಿಂತಳು. ಮಾಲಿನಿ ಕಣ್ಣೊರೆಸಿಕೊಂಡು ಎದ್ದು, "ತುಂಬಾ ಚೆನ್ನಾಗಿ ಹೊಳೀತಿದೆ ಅತ್ತೆ. ನಂಗೆ ಇಷ್ಟು ದಿನ ಗೊತ್ತಾಗದೆ ಇದ್ದಿದ್ದು ನಿಮ್ಮಿಂದ ಗೊತ್ತಾಯ್ತು" ಎಂದಳು. ಅವ್ವನ ಮುಖ ಅರಳಿತು. "ಚೊಲೋ ಹುಣಸಿಹಣ್ಣು ಇದ್ರ ಇನ್ನೂ ಹೊಳೀತಿತ್ತವಾ" ಎಂದಳು.

ಹೀಗೆ ಆ ಖಂಡೇನವಮಿಯಂದು ನಮ್ಮ ಮನೆಯಲ್ಲಿ ಎರಡರ ಅಸಲಿತನ ಖಚಿತವಾಯಿತು. ಒಂದು ಬಂದೂಕಿನದು, ಇನ್ನೊಂದು ನನ್ನ ಪುಕ್ಕಲುತನದ್ದು. ನಾನು ಬಾಳಿನಲ್ಲಿ ಒಮ್ಮೆ ತೋರಿಸಿದ ಧೈರ್ಯ ಮಾತ್ರ ಭೂತಗನ್ನಡಿಯ ಕೆಳಗೆ ನಕಲಿ ಎಂದು ಸಿಕ್ಕಿಬಿತ್ತು. ಹಿರಿಯ ಮಗನಾಗಿ ಮೊದಲ ಆರತಿ ನಾನೇ ಬೆಳಗಬೇಕಿತ್ತು. ಬೆಳಗಿದೆ, ಹಿಂಬದಿಯಿಂದ, ಕೈ ಎಷ್ಟು ಉದ್ದ ಹೋಗುತ್ತದೋ ಅಷ್ಟು ದೂರ ನಿಂತು. "ಮುಂದ ಬಾರೋ ತಮ್ಮಾ, ಅದು ಹತ್ತಂಗಿಲ್ಲ" ಎಂದಳು ಅವ್ವ.