ಟ್ರ್ಯಾಕ್ಟರಿಗೆ ಇಂಧನ ಒದಗಿಸುವ ಎಮ್ಮೆಯವರ ಸನ್ನಿಧಿಗೆ

ಮಾನ್ಯ ಎಮ್ಮೆಯವರೇ,

ಕೊಟ್ಟಿಗೆಯಲ್ಲಿ ಫ್ಯಾನಿನಡಿ ವಿರಾಜಮಾನರಾಗಿರುವ ತಮಗೂ ತಮ್ಮ ಸಮಸ್ತ ಬಳಗಕ್ಕೂ, ದಿನವೂ ತಮ್ಮ ಹಾಲು ಕರೆಯುವವಳ ತಲೆಬಾಗಿದ ವಂದನೆಗಳು.

ನಮ್ಮ ಯಜಮಾನರು ಗೋಬರ್ ಗ್ಯಾಸನ್ನು ಶುದ್ಧಮಾಡಿ, ಸಿಲಿಂಡರಿಗೆ ತುಂಬಿಸಿ ಟ್ರ್ಯಾಕ್ಟರ್ ಓಡಿಸತೊಡಗಿದ ಮೇಲೆ ತಮ್ಮ ಪದವಿ ಎಲ್ಲಿಗೋ ಏರಿತು. ಬೆಳಗ್ಗೆ ಎದ್ದವರೇ "ಇವತ್ತು ಹೊಟ್ಟೆ ಸರಿಯಾಗಿದೆಯೇನಮ್ಮಾ?" ಎಂದು ವಿಚಾರಿಸುವುದು ತಮ್ಮನ್ನು. ನನಗೆ ಜ್ವರ ಬಂದದ್ದು ಅವರಿಗೆ ತಿಳಿದದ್ದೇ, ಹಿಂಡಿ ಕಲಸುವವರಿಲ್ಲದೆ ತಾವು ಅರಚಿಕೊಂಡಾಗ. ಅದನ್ನೂ ನುಂಗಿಕೊಂಡೆ.

ಆದರೆ ಮೊನ್ನೆಯದನ್ನು ನುಂಗಲಾಗದು. ಟ್ರ್ಯಾಕ್ಟರ್ ನೋಡಲು ಅಕ್ಕಪಕ್ಕದ ರೈತರು ಬರುತ್ತಾರೆಂದು ಯಜಮಾನರು ತಮ್ಮೆಲ್ಲರಿಗೂ ಬಟ್ಟೆ ಒಗೆಯುವ ಸೋಪಿನ ಪುಡಿ ಹಾಕಿ, ನಮ್ಮ ಮದುವೆಯ ದಿನ ಅವರೇ ಮಾಡದಷ್ಟು ಚೊಕ್ಕವಾದ ಸ್ನಾನ ಮಾಡಿಸಿದರು. ಆ ನೊರೆನೀರೆಲ್ಲ ಸಗಣಿಯ ಜೊತೆ ಗ್ಯಾಸಿನ ಗುಂಡಿಗೆ ಹರಿಯಿತು. ಗುಂಡಿ ಮುನಿಸಿಕೊಂಡು ಗ್ಯಾಸ್ ಕೊಡುವುದನ್ನೇ ನಿಲ್ಲಿಸಿತು. ಕೊಯ್ದ ಮುಸುಕಿನ ಜೋಳವನ್ನೆಲ್ಲ ಟ್ರೇಲರಿಗೆ ಹೇರಿಕೊಂಡು ಹೊರಟ ಟ್ರ್ಯಾಕ್ಟರ್, ಮೋಡ ಕವಿಯುವ ಹೊತ್ತಿಗೆ ಸರಿಯಾಗಿ ಹೊಲದ ನಡುವೆ ಕೊನೆಯುಸಿರೆಳೆಯಿತು.

"ತಿನ್ನೋದಕ್ಕೆ ಮುಂದು, ಹಾಕೋದಕ್ಕೆ ಹಿಂದು," ಎಂದು ಯಜಮಾನರು ತಪ್ಪನ್ನೆಲ್ಲ ತಮ್ಮ ಮೇಲೆ ಹೊರಿಸಿದರು.

"ಗುಂಡಿಗೆ ಸೋಪು ಕುಡಿಸಿದೋನು ನೀನು, ಎಮ್ಮೆನ ಯಾಕೋ ಬೈತೀಯ? ಹೋಗು, ಹಿಡ್ಕೊಂಡು ಬಂದು ನೊಗಕ್ಕೆ ಕಟ್ಟು," ಎಂದರು ಅತ್ತೆ.

ಹೀಗೆ ಜೋಳದ ಟ್ರೇಲರನ್ನು ತಾವೂ ತಮ್ಮ ತಂಗಿಯೂ ಮುಂದಿನಿಂದ ಎಳೆದಿರಿ, ನಾನೂ ಅತ್ತೆಯೂ ಹಿಂದಿನಿಂದ ತಳ್ಳಿದೆವು. ಅರ್ಧ ದಾರಿಯಲ್ಲಿ ಮಳೆ ಹಿಡಿದಾಗ ತಾವು ಗಕ್ಕನೆ ನಿಂತು, ಒಂದು ಬುಟ್ಟಿಯಷ್ಟು ಇಂಧನವನ್ನು ಟ್ರೇಲರಿನ ಮುಂದೆಯೇ ಉದಾರವಾಗಿ ದಾನ ಮಾಡಿ, ಕಣ್ಣು ಮುಚ್ಚಿ ಮೆಲುಕು ಹಾಕತೊಡಗಿದಿರಿ. ಎಮ್ಮೆಯ ಮೇಲೆ ಮಳೆ ಸುರಿದಂತೆ ಎಂಬ ಮಾತಿನ ಅರ್ಥ ಅಂದು ತಿಳಿಯಿತು. ಮೇಲಿನ ಜೋಳ ನೆನೆಯಿತು, ಪುಣ್ಯಕ್ಕೆ ಕೆಳಗಿನದು ಉಳಿಯಿತು.

ಮನೆ ಮುಟ್ಟಿದ ಮೇಲೆ ಯಜಮಾನರು ಬಹಳ ಮೆತ್ತಗೆ, "ಹೆಗಲು ನೋಯ್ತಾ ಇದೆಯಾ?" ಎಂದರು. ಇಷ್ಟು ವರ್ಷಕ್ಕೆ ಕೇಳಿದರಲ್ಲ ಎಂದು ಕರಗಿಹೋಗಿ, "ಪರವಾಗಿಲ್ಲ ಬಿಡಿ" ಎಂದೆ. ತಿರುಗಿ ನೋಡಿದರೆ, ಎಮ್ಮೆಯವರೇ, ಅವರು ತಮ್ಮ ಹೆಗಲಿಗೆ ಎಣ್ಣೆ ತಿಕ್ಕುತ್ತಿದ್ದರು.

ಆದ್ದರಿಂದ ಇಂಧನ ಖಾತೆಯ ಜೊತೆಗೆ ಅಡುಗೆ, ಪಾತ್ರೆ ಮತ್ತು ಯಜಮಾನರ ಗೊರಕೆಯ ಖಾತೆಗಳನ್ನೂ ತಾವೇ ವಹಿಸಿಕೊಂಡು, ಕೊಟ್ಟಿಗೆಯನ್ನು ನನಗೆ ಬಿಟ್ಟುಕೊಡಬೇಕಾಗಿ ವಿನಂತಿ.

ಇಂತಿ,
ತಮ್ಮ ವಿಶ್ವಾಸಿ ಸವತಿ

ವಿ.ಸೂ.: ತಮಗೆ ಅಕ್ಷರ ಬಾರದ ಕಾರಣ, ಇದನ್ನು ಗಟ್ಟಿಯಾಗಿ ಓದಿ ಹೇಳುವಂತೆ ಯಜಮಾನರಿಗೇ ಕೊಟ್ಟಿದ್ದೇನೆ. ಅವರು ಒಂದು ಸಾಲು ಹಾರಿಸಿದರೂ ಹಾಯುವ ಪೂರ್ಣ ಸ್ವಾತಂತ್ರ್ಯ ತಮಗಿದೆ.