ಹೊಲಿಗೆಯೊಳಗಿನ ಏರ್‌ಬ್ಯಾಗಿಗೆ ಒಂದು ವಿಜ್ಞಾಪನೆ

ಮಾನ್ಯರೇ,

ನಮ್ಮ ಕಾರಿನ ಮುಂದಿನ ಸೀಟಿನ ಪಕ್ಕೆಯಲ್ಲಿ, ಬಾಗಿಲಿನ ಕಡೆಗೆ, ಯಾರ ಗೊಡವೆಗೂ ಹೋಗದೆ ಮಡಚಿಕೊಂಡು ಕುಳಿತಿರುವ ಏರ್‌ಬ್ಯಾಗ್ ಮಹಾಶಯರಾದ ತಮಗೆ ನಮ್ಮ ಇಡೀ ಕುಟುಂಬದ ಅನಂತ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇವೆ. ನಂಬದೆ ಬೇರೆ ದಾರಿಯಿಲ್ಲ, ಏಕೆಂದರೆ ಹೊಸ ಸೀಟ್ ಕವರ್ ಹಾಕಿಸಿದ ದಿನದಿಂದ ತಮ್ಮ ಹೆಸರಿನ ಪುಟ್ಟ ಪಟ್ಟಿಯೂ ಕಣ್ಣಿಗೆ ಬಿದ್ದಿಲ್ಲ.

ಕವರ್ ಆರಿಸಲು ನಾವು ಸಕುಟುಂಬ ಹೋಗಿದ್ದೆವು. ಕೊಳೆ ಕಾಣಬಾರದೆಂದು ನನ್ನಾಕೆ ಬಣ್ಣ ನೋಡಿದಳು, ದಪ್ಪವಿದ್ದದ್ದೆಲ್ಲ ಒಳ್ಳೆಯದೆಂದು ತಿಳಿದಿರುವ ಭಾವಮೈದುನ ಬಟ್ಟೆ ಹಿಚುಕಿ ನೋಡಿದ, ಟೈಲರಿಂಗ್ ಮಾಡಿಯೇ ನನ್ನನ್ನು ಸಾಕಿದ ಅಮ್ಮ ಕನ್ನಡಕ ಏರಿಸಿ ಹೊಲಿಗೆಯನ್ನು ಎರಡೂ ಕೈಯಲ್ಲಿ ಎಳೆದು, "ಜಪ್ಪಯ್ಯ ಅಂದ್ರೂ ಬಿಚ್ಚಲ್ಲ" ಎಂದು ತೀರ್ಪು ಕೊಟ್ಟರು. ತಾವು ಹೊರಬರಲೆಂದು ಪಕ್ಕೆಯಲ್ಲಿ ಸಂದು ಬಿಟ್ಟ ಕವರೊಂದು ಅಲ್ಲೇ ಇತ್ತು. ಹರಿದ ಮಾಲೆಂದು ಅಮ್ಮ ಅದನ್ನು ಪಕ್ಕಕ್ಕೆ ತಳ್ಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಂಗಡಿಯವರು, "ಏರ್‌ಬ್ಯಾಗೇನು ದಿನಾ ಓಪನ್ ಆಗುತ್ತಾ ಸಾರ್?" ಎಂದು ನನ್ನ ಅಜ್ಞಾನ ಕಳೆದರು.

ಕವರಿನ ಗುಣಗಾನ ಮಾಡಲು ನನ್ನ ಕೈಲಾಗದು. ಧೂಳು, ಬಿಸಿಲು, ಚೆಲ್ಲಿದ ಕಾಫಿ, ಎಲ್ಲಕ್ಕಿಂತ ಮಿಗಿಲಾಗಿ ಕೂತವರ ಕಾಟ, ಇವೆಲ್ಲದರಿಂದಲೂ ಸೀಟಿಗೆ ಪೂರ್ಣ ರಕ್ಷಣೆ ಸಿಕ್ಕಿದೆ. ಕೂತವರ ರಕ್ಷಣೆ ಮಾತ್ರ ತಮ್ಮ ಇಲಾಖೆಗೆ ಸೇರಿದ್ದಾದ್ದರಿಂದ, ಪಕ್ಕದಿಂದ ಯಾವುದಾದರೂ ಲಾರಿ ಬಂದು ಗುದ್ದಿದ ಸಂದರ್ಭದಲ್ಲಿ ತಾವು ಗಡಿಬಿಡಿ ಮಾಡದೆ, ಮೊದಲು ಸೀಟಿನ ಹಿಂದಿನ ಜಿಪ್ ಎಳೆದು, ಕವರನ್ನು ಸುಕ್ಕಾಗದಂತೆ ಮಡಚಿಟ್ಟು, ಆಮೇಲೆ ಉಬ್ಬಿಕೊಳ್ಳಬೇಕಾಗಿ ಕೋರುತ್ತೇನೆ. ಅಷ್ಟು ಹೊತ್ತು ಕಾಯುವಂತೆ ಲಾರಿಯವರನ್ನೂ ಕೇಳಿಕೊಳ್ಳಲಾಗುವುದು.

ತಮಾಷೆ ಅತ್ತ ಇರಲಿ ಮಹಾಶಯರೇ, ಆ ಸೀಟಿನಲ್ಲಿ ಕೂರುವವರು ನಮ್ಮ ಅಮ್ಮ. ಕಾರು ಹೊರಟ ಕೂಡಲೇ ಬಾಗಿಲಿನ ಕಡೆಗೆ ತಲೆ ವಾಲಿಸಿ ನಿದ್ದೆ ಹೋಗುತ್ತಾರೆ. ಆ ತಲೆಗೂ ಬಾಗಿಲಿಗೂ ನಡುವೆ ಬರಬೇಕಾದವರು ತಾವೊಬ್ಬರೇ. ಹೀಗಾಗಿ ನಿನ್ನೆ ಸಂಜೆ ಮನೆಯವರ ಕಣ್ಣು ತಪ್ಪಿಸಿ, ಬ್ಲೇಡು ಹಿಡಿದು, ಕವರಿನ ಪಕ್ಕೆಯ ಹೊಲಿಗೆ ಬಿಚ್ಚಿ ತಮಗೆ ದಾರಿ ಮಾಡಿದ್ದೇನೆ. ದಯವಿಟ್ಟು ಮನ್ನಿಸಿ, ಬಳಸಿಕೊಳ್ಳಿ.

ಇಂತಿ ತಮ್ಮ ವಿಶ್ವಾಸಿ,
ಸ್ಟೀರಿಂಗ್ ಹಿಡಿದ ಮಗ

ತಾ.ಕ.: ಪತ್ರ ಮುಗಿಸಿ ಕಾರಿನ ಹತ್ತಿರ ಹೋದರೆ ನಾನು ಬಿಚ್ಚಿದ ಜಾಗವೇ ಕಾಣಲಿಲ್ಲ. ಹೊಸ ಕವರು ಆಗಲೇ ಬಾಯಿಬಿಟ್ಟಿದೆಯೆಂದು ಅಂಗಡಿಯವರಿಗೆ ಶಾಪ ಹಾಕುತ್ತಾ, ಅಮ್ಮ ಬೆಳಿಗ್ಗೆಯೇ ಅದೇ ಬಣ್ಣದ ದಾರ ಹುಡುಕಿ, ಜೋಡಿ ಎಳೆಯಲ್ಲಿ ಹೊಲಿದುಬಿಟ್ಟಿದ್ದಾರಂತೆ. ತಮ್ಮ ಶಕ್ತಿಯ ಬಗ್ಗೆ ಕಾರಿನ ಕಂಪನಿ ಹೇಳುವುದನ್ನೆಲ್ಲ ನಾನು ನಂಬುತ್ತೇನೆ, ಆದರೆ ಅಮ್ಮನ ಹೊಲಿಗೆಯನ್ನು ಚಿಕ್ಕಂದಿನಿಂದ ಬಲ್ಲೆ. ಕವರನ್ನೇ ಕಿತ್ತುಹಾಕುತ್ತಿದ್ದೇನೆ. ಅವರು ಮಾತು ಬಿಟ್ಟರೆ ಬಿಡಲಿ, ಮುಖ ಊದಿಸಿಕೊಂಡಾದರೂ ನನ್ನ ಪಕ್ಕದಲ್ಲಿ ಕೂತಿರಲಿ.